ಕರಡಪ್ಪ ತಿದ್ದಿದ ಕಾದಂಬರಿ

ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಕರಡಪ್ಪ ಅಂತ. ಅಚ್ಚಿಗೆ ಹೋಗುವ ಮೊದಲು ಕರಡು ಹಾಳೆಗಳ ತಪ್ಪು ತಿದ್ದುವುದು ಅವರ ಕೆಲಸ, ಅದಕ್ಕೇ ಯಾರೋ ಪುಣ್ಯಾತ್ಮ ಆ ಹೆಸರಿಟ್ಟಿದ್ದ. ಬೆನ್ನ ಹಿಂದೆ ಕರಡಿ ಅಂತಲೂ ಅನ್ನುತ್ತಿದ್ದರು, ಅದು ಮಾತ್ರ ಅವರ ಮುಖ ನೋಡಿ ಇಟ್ಟದ್ದು. ಮೂಲೆಯಲ್ಲೊಂದು ಮೇಜು, ಕತ್ತು ಬಗ್ಗಿಸಿಕೊಂಡ ದೀಪ, ಎದುರಿಗೆ ಸುಣ್ಣ ಉದುರುವ ಗೋಡೆ. ಆ ಗೋಡೆಯ ಮುಂದೆಯೇ ಆಯುಷ್ಯ ಸವೆಯಿತು. ಅದು ಸಾಲದು ಅಂತ ಮನೆಗೆ ಬಂದು ಕಥೆ ಬೇರೆ ಬರೆಯುತ್ತಿದ್ದರು. ಒಂದಷ್ಟು ಕಥೆಗಳು, ಒಂದೇ ಒಂದು ಕಾದಂಬರಿ.

ಕರಡಪ್ಪನವರು ತಿದ್ದುವ ರೀತಿಯೇ ಬೇರೆ. ಬೇಡವಾದ ಸಾಲಿನ ಮೇಲೆ ಉಳಿದವರು ಒಂದು ಗೆರೆ ಎಳೆದು ಮುಂದೆ ಹೋದರೆ, ಇವರು ಅದನ್ನು ಕಪ್ಪು ಶಾಯಿಯಲ್ಲಿ ಮೆತ್ತಿಬಿಡುತ್ತಿದ್ದರು. ಕೆಳಗೆ ಏನಿತ್ತು ಅಂತ ದೇವರು ಬಂದರೂ ಓದಲಾಗಬಾರದು. ಇದಕ್ಕೊಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರದೋ ಅಭಿನಂದನೆಯ ಜಾಹೀರಾತಿನಲ್ಲಿ ‘ದಿವಂಗತ’ ಅನ್ನೋ ಪದ ತಪ್ಪಿ ಸೇರಿಕೊಂಡಿತ್ತು. ಇವರು ತೆಳ್ಳಗೆ ಗೆರೆ ಎಳೆದಿದ್ದರು, ಅಕ್ಷರ ಜೋಡಿಸುವವನ ಕಣ್ಣಿಗೆ ಆ ಗೆರೆ ಬೀಳಲೇ ಇಲ್ಲ. ಮಾರನೆಯ ದಿನ ದಿವಂಗತರು ಖುದ್ದಾಗಿ ಪ್ರೆಸ್ಸಿಗೆ ಬಂದು ಯಜಮಾನನ ಜನ್ಮ ಜಾಲಾಡಿದರು. ಅವತ್ತಿನಿಂದ ಕರಡಪ್ಪನವರ ಶಾಯಿ ದಪ್ಪವಾಯಿತು.

ತಮ್ಮ ಬರಹ ಅಚ್ಚಾಗಿ ಬಂದ ಮೇಲೆ ಅವರು ಅದನ್ನು ಮತ್ತೆ ಓದುತ್ತಿರಲಿಲ್ಲ. ಹೊಳೆ ದಾಟಿದ ಮೇಲೆ ದೋಣೀನ ತಲೆ ಮೇಲೆ ಹೊತ್ಕೊಂಡು ಓಡಾಡ್ತಾರೇನು ಅಂತ ನಗುತ್ತಿದ್ದರು. ನಿಜ ಹೇಳಬೇಕೆಂದರೆ ಹೆದರಿಕೆ. ದಿನವಿಡೀ ಊರವರ ತಪ್ಪು ಹುಡುಕುವ ಕಣ್ಣು ತನ್ನ ಪುಸ್ತಕವನ್ನು ಮಾತ್ರ ಬಿಟ್ಟೀತೇ? ಇರುವ ಒಂದು ಪ್ರತಿಯನ್ನು ಕಪಾಟಿನಲ್ಲಿ ಹಳೆಯ ರಗ್ಗಿನ ಕೆಳಗೆ ಇಟ್ಟಿದ್ದರು.

ಅದನ್ನು ತೆಗೆದು ತೆಗೆದು ಓದುತ್ತಿದ್ದದ್ದು ಹೆಂಡತಿ. ಕಾದಂಬರಿ ಒಬ್ಬ ದರ್ಜಿಯ ಸಂಸಾರದ್ದು. ದರ್ಜಿಯ ಹೆಂಡತಿ ಬಾಯಿ ತೆರೆದರೆ ಪುಟಗಟ್ಟಲೆ ಮಾತು, ಒಂದೊಂದು ಮಾತೂ ಹುರಿದ ಮೆಣಸಿನಕಾಯಿ. ಆ ಬಾಯಿ ಎಲ್ಲಿಂದ ಬಂತು ಅಂತ ಮನೆಯವರಿಗೆ ಗೊತ್ತಿತ್ತು. ಕರಡಪ್ಪನವರು ತಡವಾಗಿ ಬಂದಾಗಲೆಲ್ಲ ಈಕೆ ಬಾಗಿಲಲ್ಲೇ ಶುರು ಮಾಡುತ್ತಿದ್ದಳು: “ನಿಮಗಿಂತ ನೆಂಟರೇ ವಾಸಿ, ಬರೋ ಮುಂಚೆ ಹೇಳಿಯಾದ್ರೂ ಬರ್ತಾರೆ.” ಅಲ್ಲಿಂದ ಹೊರಟ ಬೈಗುಳ ಊಟ ಮುಗಿಯುವವರೆಗೂ ನಿಲ್ಲುತ್ತಿರಲಿಲ್ಲ. ಕರಡಪ್ಪನವರು ಕೈ ತೊಳೆದುಕೊಂಡು ಹೋಗಿ, ಬಿಸಿ ಆರುವ ಮೊದಲೇ ಎಲ್ಲವನ್ನೂ ದರ್ಜಿಯ ಮನೆಗೆ ಸಾಗಿಸಿಬಿಡುತ್ತಿದ್ದರು. ಅರ್ಧ ಬರೆದವಳು ನಾನು, ಮುಖಪುಟದಲ್ಲಿ ಹೆಸರು ಮಾತ್ರ ಇವರದ್ದು ಅಂತ ಆಕೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಅಂಥ ಬಾಯಿಗೆ ಲಕ್ವ ಹೊಡೆಯಿತು. ಕರಡಪ್ಪನವರು ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ, ಬೈಯುವುದಕ್ಕೆ ಇಡೀ ದಿನ ಸಿಕ್ಕಿತು ಅನ್ನುವ ಹೊತ್ತಿಗೆ. ಬಲಗಡೆ ಪೂರ್ತಿ ಸತ್ತಿತು. ನಾಲಿಗೆಯ ಮೇಲೆ ಒಂದೇ ಒಂದು ಮಾತು ಉಳಿಯಿತು, ‘ಆಮೇಲೆ’. ನೀರು ಬೇಕಾದರೂ ಆಮೇಲೆ, ಸೊಂಟ ನೋವಾದರೂ ಆಮೇಲೆ. ಮಗಳಿಗೆ ಅದರ ಏರಿಳಿತ ಕೇಳಿಯೇ ಯಾವುದು ಏನು ಅಂತ ತಿಳಿಯುತ್ತಿತ್ತು. ಕರಡಪ್ಪನವರಿಗೆ ಕಡೆಗೂ ಅದು ಒಲಿಯಲಿಲ್ಲ. ಮಾಡುವುದನ್ನೆಲ್ಲ ಮಾಡುತ್ತಿದ್ದರು, ತಿರುಗಿಸಿ ಮಲಗಿಸುತ್ತಿದ್ದರು, ಗಂಜಿ ಕುಡಿಸುತ್ತಿದ್ದರು, ಬಾಯಿ ಒರೆಸುತ್ತಿದ್ದರು. ಮನೆ ಮಾತ್ರ ಗಪ್‌ಚಿಪ್ಪಾಯಿತು, ಅವರಿಗೂ ಅದೇ ಅಭ್ಯಾಸವಾಯಿತು.

ಹೀಗಿರುವಾಗ ಒಬ್ಬ ಪ್ರಕಾಶಕ ಆ ಕಾದಂಬರಿಯನ್ನು ಹೊಸದಾಗಿ ತರುತ್ತೇನೆ, ಏನಾದರೂ ತಿದ್ದುವುದಿದ್ದರೆ ತಿದ್ದಿ ಕಳಿಸಿ ಅಂತ ಫೋನು ಮಾಡಿದ. ತಿದ್ದುವುದು ಅಂದರೆ ಕರಡಪ್ಪನವರಿಗೆ ಹೇಳಬೇಕೇ? ರಗ್ಗಿನ ಕೆಳಗಿನಿಂದ ಪುಸ್ತಕ ಹೊರಬಂತು. ಅಷ್ಟು ವರ್ಷದ ಮೇಲೆ ತಮ್ಮದನ್ನು ತಾವೇ ಓದಿದರು. ಓದುತ್ತಾ ಓದುತ್ತಾ ಕಿವಿ ಬಿಸಿಯಾಯಿತು. ಇಷ್ಟು ವಾಚಾಳಿಯಾಗಿ ಬರೆದವನು ನಾನೇನಾ ಅಂತ ನಾಚಿಕೆಯಾಯಿತು. ಅದರಲ್ಲೂ ಆ ದರ್ಜಿಯ ಹೆಂಡತಿ, ಅಬ್ಬಬ್ಬಾ, ಒಂದು ಕಡೆಯೂ ಬಾಯಿ ಮುಚ್ಚುವುದಿಲ್ಲ! ಕಥೆ ಮುಂದೆ ಹೋಗುವುದಕ್ಕೇ ಬಿಡುವುದಿಲ್ಲ. ಸಾಯುವುದರೊಳಗೆ ಒಂದಾದರೂ ಅಚ್ಚುಕಟ್ಟಾದ ಪುಸ್ತಕ ಬಿಟ್ಟು ಹೋಗಬೇಕು ಅಂತ ಶಾಯಿ ಬಾಟಲಿಯ ಮುಚ್ಚಳ ತೆಗೆದರು.

ಅಲ್ಲ, ಪಕ್ಕದ ಕೋಣೆಯಲ್ಲೇ ಮಲಗಿದ್ದಳಲ್ಲ, ಈ ಮನುಷ್ಯನಿಗೆ ಹೊಳೆಯಬೇಡವೇ? ಹೊಳೆಯಲಿಲ್ಲ. ಆಕೆ ಹೇಗೆ ಮಾತಾಡುತ್ತಿದ್ದಳು ಅನ್ನುವುದೇ ಅವರಿಗೆ ಮರೆತುಹೋಗಿತ್ತು. ಅದೆಲ್ಲ ತಾವೇ ಹುಟ್ಟಿಸಿದ್ದು ಅಂದುಕೊಂಡು, ಪುಟದ ಮೇಲೆ ಪುಟ ಮೆತ್ತಿದರು. ಬಹಳ ದಿನಗಳ ಮೇಲೆ ತಾನೊಬ್ಬ ಲೇಖಕ ಅನ್ನಿಸಿ, ಗಂಜಿ ಕುಡಿಸುವಾಗ ಒಂದು ಹಾಡನ್ನೂ ಗುನುಗಿದರು.

ಹೊಸ ಪುಸ್ತಕ ಬಂತು, ತೆಳ್ಳಗೆ, ಬೆಳ್ಳಗೆ. ರಜೆಯ ಮಧ್ಯಾಹ್ನ ಮಗಳು ಅದನ್ನು ಹಿಡಿದುಕೊಂಡು ತಾಯಿಯ ಪಕ್ಕ ಕೂತಳು. ಅಮ್ಮಾ, ನಿನ್ನ ಪುಸ್ತಕ ಅಂದಳು. ಆಕೆಯ ಎಡಗಡೆಯ ಮುಖ ಅರಳಿದ್ದನ್ನು ಕರಡಪ್ಪನವರು ಬಾಗಿಲಲ್ಲಿ ನಿಂತು ನೋಡಿದರು, ಒಳಗೊಳಗೇ ಬೀಗಿದರು ಕೂಡ.

ಮಗಳು ಓದುತ್ತಾ ಹೋದಳು. ದರ್ಜಿ ತಡವಾಗಿ ಮನೆಗೆ ಬರುವ ಜಾಗ ಬಂತು. ಹಾಸಿಗೆಯಲ್ಲಿದ್ದವಳು ತಲೆ ಎತ್ತುವುದಕ್ಕೆ ನೋಡಿದಳು. ಅರ್ಧ ಸೊಟ್ಟಗಾದ ತುಟಿ ಓದುವವಳಿಗಿಂತ ಮುಂದೆ ಓಡಿ, ಶಬ್ದವಿಲ್ಲದೆ ಏನನ್ನೋ ಆಡತೊಡಗಿತು. ಕಣ್ಣು ನಗುತ್ತಿತ್ತು. ದರ್ಜಿ ಚಪ್ಪಲಿ ಬಿಟ್ಟ, ಊಟ ಮಾಡಿದ, ಮಲಗಿದ ಅಂತ ಮಗಳು ಓದಿದಳು. ಅಧ್ಯಾಯ ಮುಗಿಯಿತು.

ತುಟಿ ನಿಂತಿತು. ಮಗಳು ಎರಡು ಹಾಳೆ ಅಂಟಿಕೊಂಡಿವೆಯೋ ಅಂತ ಹಿಂದೆ ಮುಂದೆ ತಿರುವಿದಳು.

“ಅಪ್ಪಾ, ಇಲ್ಲಿ ಅಮ್ಮನ ಮಾತಿತ್ತಲ್ಲ, ಎಲ್ಲಿ ಹೋಯ್ತು?”

ಆ ಘಳಿಗೆಯಲ್ಲಿ ಕರಡಪ್ಪನವರಿಗೆ ಗೊತ್ತಾಯಿತು. ಸೀದಾ ಕಪಾಟಿನ ಹತ್ತಿರ ಹೋದರು.

ಪ್ರಕಾಶಕ ಹಳೆಯ ಪ್ರತಿಯನ್ನು ವಾಪಸು ಕೊಟ್ಟಿದ್ದ. ಅದರ ಹಾಳೆಗಳನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು, ಹಿಂದಿನಿಂದ ನೋಡಿದರು, ಭೂತಗನ್ನಡಿ ಇಟ್ಟು ನೋಡಿದರು. ಒಂದಕ್ಷರ ಕಾಣಬೇಕಲ್ಲ! ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದರು. ಮೊದಲು ಅಚ್ಚು ಹಾಕಿದವನ ಗೋದಾಮಿನ ಪ್ರತಿಗಳು ಯಾವತ್ತೋ ಗೆದ್ದಲು ಹಿಡಿದು ಹೋಗಿದ್ದವು. ಲೈಬ್ರರಿಯವರು ಹರಿದ ಪುಸ್ತಕಗಳ ಜೊತೆ ರದ್ದಿಗೆ ಹಾಕಿದ್ದರು. ಗುರುತಿನವರನ್ನೆಲ್ಲ ಕೇಳಿದರು, ಓದಿದ ನೆನಪಿದೆ ಅಂದರು ಎಲ್ಲರೂ, ಇಟ್ಟುಕೊಂಡವರು ಒಬ್ಬರೂ ಇಲ್ಲ. ನೆನಪಿನಿಂದ ಬರೆಯೋಣ ಅಂತ ಕೂತರು. ಏನೇನು ಹೊಡೆದು ಹಾಕಿದೆ ಅನ್ನುವುದಲ್ಲ, ಯಾಕೆ ಹೊಡೆದು ಹಾಕಿದೆ ಅನ್ನುವುದಷ್ಟೇ ನೆನಪಾಗುತ್ತಿತ್ತು. ಒಂದೇ ಒಂದು ಸಾಲು ಹೇಗೋ ಉಳಿದುಕೊಂಡಿತ್ತು.

ಅದನ್ನೇ ಹಿಡಿದುಕೊಂಡು ಹೋಗಿ ಹಾಸಿಗೆಯ ಅಂಚಿಗೆ ಕೂತರು. ಆಕೆ ಗೋಡೆಯ ಕಡೆ ಮುಖ ಮಾಡಿದ್ದಳು. ಆ ಪುಸ್ತಕ ಓದಿದ ಮಧ್ಯಾಹ್ನದಿಂದ ಹಾಗೇ ಇದ್ದಳು, ಉಳಿದಿದ್ದ ಒಂದು ಮಾತನ್ನೂ ಆಡಿರಲಿಲ್ಲ.

“ನಿಮಗಿಂತ ನೆಂಟರೇ ವಾಸಿ,” ಅಂದರು ಕರಡಪ್ಪನವರು. “ಬರೋ ಮುಂಚೆ ಹೇಳಿಯಾದ್ರೂ ಬರ್ತಾರೆ.”

ಆಕೆ ನಿಧಾನವಾಗಿ ಈ ಕಡೆ ತಿರುಗಿದಳು. ನೋಡಿದಳು. ಎಡಗೈ ಎತ್ತಿ ಅವರ ಅಂಗಿಯ ತೋಳು ಹಿಡಿದುಕೊಂಡಳು.

“ಆಮೇಲೆ?” ಅಂದಳು.

ಕರಡಪ್ಪನವರ ಹತ್ತಿರ ಆಮೇಲಿನದು ಇರಲಿಲ್ಲ. ಆಕೆ ತೋಳು ಬಿಡದೆ ಕಾಯುತ್ತಾ ಮಲಗಿದ್ದಳು.