ಕತ್ತರಿ ಮಾವ

ಕಾಡ್ಗಿಚ್ಚು ಆರಿಸುವವರು ಯಂತ್ರದ ಗರಗಸ ಹಿಡಿಯುವಾಗ ಕಟ್ಟಿಕೊಳ್ಳುವ ಕಾಲುಕವಚಗಳನ್ನು ತೊಳೆದು ರಿಪೇರಿ ಮಾಡುವ ಕತ್ತರಿ ಮಾವ, ಸ್ಟೂಲು ಸೋಮಾರಿಗಳಿಗೆ ಎಂದು ದಿನವಿಡೀ ನಿಂತೇ ಇರುತ್ತಾನೆ. ಎಣ್ಣೆಕಲೆ ಕಂಡರೆ "ಬೆಂಕೀಗೆ ಕರೆಯೋಲೆ ಕಟ್ಕೊಂಡು ಹೋಗ್ತೀರೇನಯ್ಯಾ" ಎಂದು ರೇಗುತ್ತ ಉಜ್ಜುತ್ತಾನೆ. ಮೇಲುಬಟ್ಟೆಯ ಸಣ್ಣ ಹರುಕಿಗೆ ಅಂಟು ಬಳಿದು ಕೂಸಿನಂತೆ ಮಲಗಿಸುತ್ತಾನೆ. ಸೂಜಿದಾರದಲ್ಲಿ ಹೊಲಿದು ತಂದರೆ ಮಾತ್ರ ಕತ್ತರಿಯೇ ಗತಿ. "ಒಳಗಿನ ನಾರು ಸಡಿಲ ಇದ್ರೆ ತಾನೇ ಗರಗಸಕ್ಕೆ ಸುತ್ಕೊಂಡು ಅದನ್ನ ನಿಲ್ಸೋದು? ಹೊಲಿದ್ರೆ ಕಾಲು ಹೋಯ್ತು." ಮೊನ್ನೆ ಸ್ವಂತ ಮಗನೇ ಹೊಲಿಗೆ ಬಿದ್ದ ಕವಚ ತಂದ. "ಅಮ್ಮ ಹಾಕಿದ್ದಪ್ಪ, ಇದಕ್ಕೂ ಕತ್ತರೀನಾ?" ಮಾವ ಆ ಒಪ್ಪವಾದ ಹೊಲಿಗೆಯನ್ನು ಬೆರಳಿನಿಂದ ಸವರಿ, "ನಿಮ್ಮಮ್ಮನಿಗೆ ನಾನು ಹೇಳ್ಕೋತೀನಿ" ಎಂದು ಎರಡು ತುಂಡು ಮಾಡಿದ. "ಹೋದ ಬೆಂಕೀಲಿ ಇದನ್ನೇ ಕಟ್ಕೊಂಡು ಮರ ಕೊಯ್ದಿದೀನಿ, ಏನೂ ಆಗ್ಲಿಲ್ವಲ್ಲ" ಎಂದು ಮಗ ನಕ್ಕ. ಮಾವ ಕತ್ತರಿ ಕೆಳಗಿಟ್ಟು, ಸ್ಟೂಲಿಗಾಗಿ ಸುತ್ತ ತಡಕಾಡಿ, ಕುಳಿತ.