ಕೆಳಗೆ ಕಟ್ಟಿದ ತೋರಣ

ಹೋದ ವಾರ ಪುಣೆಯ ನಿಗಡಿಯಲ್ಲಿರುವ ಮಗಳ ಹೊಸ ಮನೆಗೆ ಹೋದಾಗ ಬಡಗಿಯೊಬ್ಬ ಚಪ್ಪಲಿ ಇಡುವ ಕಪಾಟಿಗೆ ಪಾಲಿಶ್ ಹಚ್ಚುತ್ತಿದ್ದ. ಅರಗು, ಸ್ಪಿರಿಟ್ಟು ಸೇರಿದ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಪ್ಪನಿಗೆ ಉಸಿರು ಕಟ್ಟಿತೆಂದು ಮಗಳು ಗಾಬರಿಯಿಂದ ಫ್ಯಾನು ಹಾಕಿದಳು. ನನಗೆ ಅಕ್ಕಾವರು ನೆನಪಾಗಿದ್ದರು...

ಎಂಬತ್ತರ ದಶಕದ ಮೊದಲ ವರ್ಷಗಳವು. ಆಫೀಸುಗಳ ಒಳವಿನ್ಯಾಸ ಮಾಡುವ ಹೆಂಗಸೆಂದರೆ ಪುಣೆಯಲ್ಲೂ ಜನ ತಿರುಗಿ ನೋಡುತ್ತಿದ್ದ ಕಾಲ. ಅಕ್ಕಾವರು ಧಾರವಾಡದ ಕಡೆಯವರು. ದೊಡ್ಡ ಆಫೀಸಿನ ನೌಕರಿ ಬಿಟ್ಟು, ಮನೆಯವರ ಮುನಿಸು ಕಟ್ಟಿಕೊಂಡು ಸ್ವಂತ ಕೆಲಸ ಹಿಡಿದಿದ್ದರು. ನಾನು ಅವರಲ್ಲಿ ನಕ್ಷೆ ಬರೆಯುವವನು. ಗೆರೆ ಒಂದಿಷ್ಟು ಸರಿದರೂ ಹಾಳೆ ಹರಿಯುವ ಸಿಟ್ಟು ಅವರದು. ನಾನೇನು ಕಡಿಮೆಯಿರಲಿಲ್ಲ. ದಿನಕ್ಕೊಮ್ಮೆ ಜಗಳವಾಡದಿದ್ದರೆ ಇಬ್ಬರಿಗೂ ಚಹಾ ರುಚಿಸುತ್ತಿರಲಿಲ್ಲ.

ಅವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ, ಪೇಟೆಯಲ್ಲಿ ನೀರೆತ್ತುವ ಪಂಪು ಮಾರುತ್ತಿದ್ದ ವಿಜಾಪುರದ ಸಾಹುಕಾರರದು. ಅವರ ಮಗ ಹೊಸದಾಗಿ ಎದ್ದ ಕಟ್ಟಡದ ಏಳನೆಯ ಮಹಡಿಯಲ್ಲಿ ಆಫೀಸಿಗೆ ಜಾಗ ಹಿಡಿದಿದ್ದ. ಸಾಹುಕಾರರಿಗೆ ಸುತಾರಾಂ ಮನಸ್ಸಿರಲಿಲ್ಲ. ಅವರ ಗಿರಾಕಿಗಳು ಪುಣೆ ಜಿಲ್ಲೆಯ ಇಂದಾಪುರ, ಶಿರೂರಿನಿಂದ ಎಸ್‌ಟಿ ಬಸ್ಸಿನಲ್ಲಿ ಬರುವ ರೈತರು. ಅಂಗಡಿಯ ಗಾದಿಯ ಮೇಲೆ ಕಾಲು ಮಡಚಿ ಕೂತು, ಚಹಾ ಕುಡಿದು, ಮಕ್ಕಳ ಮದುವೆಯ ಸುದ್ದಿ ಮುಗಿದ ಮೇಲೆಯೇ ಪಂಪಿನ ಮಾತು.

"ನೋಡ್ರಿ ಅಕ್ಕಾವ್ರ," ಎಂದಿದ್ದರು ಸಾಹುಕಾರರು, "ಪೂಜಾದ ದಿನಾ ನಮ್ಮ ಮಂದಿನ್ನ ಕರಸ್ತೀನಿ. ಅವ್ರು ಆರಾಮ ಕುಂತ್ರ ನಾನೂ ಕುಂದರ್ತೀನಿ. ಇಲ್ಲಾಂದ್ರ ಕೀಲಿ ಹಾಕಿ ಅಂಗಡಿಗೆ ಹೊಳ್ಳಿ ಹೋಗೂದ."

ಆ ಮಾತು ಅಕ್ಕಾವರ ನಿದ್ದೆ ಕೆಡಿಸಿತು. ಮೊದಲ ಕೆಲಸಕ್ಕೇ ಕೀಲಿ ಬಿದ್ದರೆ ಎರಡನೆಯದನ್ನು ಯಾರು ಕೊಡುತ್ತಾರೆ? ಗಾಜು, ಸ್ಟೀಲು, ರೆಕ್ಸಿನ್ ಕುರ್ಚಿ ಬೇಕೆಂದ ಮಗನೊಡನೆ ಗುದ್ದಾಡಿ ಗಾದಿ, ಬೆನ್ನು ಒರಗಿಸಲು ಲೋಡು ಹಾಕಿಸಿದರು. ಕೂತವರಿಗೆ ತಲೆ ತಿರುಗದಿರಲೆಂದು ಅದನ್ನು ಕಿಟಕಿಯಿಂದ ದೂರವಿಟ್ಟರು. ಬದಿಗೆ ತಾಮ್ರದ ಹಂಡೆಯಲ್ಲಿ ಕುಡಿಯುವ ನೀರು. ಬಾಗಿಲ ಒಳಗೇ ಸಾಗುವಾನಿಯ ಚಪ್ಪಲಿ ಕಪಾಟು. ಪೂಜೆಯ ಹಿಂದಿನ ದಿನವೂ ಅದರ ಪಾಲಿಶ್ ಆರಿರಲಿಲ್ಲ. ಅಕ್ಕಾವರು ಅದಕ್ಕೆ ಗಾಳಿ ಬೀಸುತ್ತ, ನನ್ನನ್ನು ಬೈಯುತ್ತ ಕೂತಿದ್ದರು.

ಪೂಜೆಯ ಬೆಳಿಗ್ಗೆ, ಕೆಳಗೆ ಕಟ್ಟಡದ ಬಾಗಿಲಿಗೇ ಮಾವಿನ ತೋರಣ ಕಟ್ಟಿಸಿ ತಾವೇ ಕೂತು ರಂಗೋಲಿ ಹಾಕಿದರು. "ಬಂದವ್ರಿಗೆ ಕೆಳಗಿಂದನ ನಮ್ಮ ಮನಿ ಅನಸಬೇಕು," ಎಂದರು. ನನಗೂ ಹೌದೆನ್ನಿಸಿತು.

ರೈತರು ಬಂದರು. ಲಿಫ್ಟಿನಿಂದ ಬರಿಗಾಲಲ್ಲೇ ಇಳಿದರು. ಪೂಜೆಗೆ ಬಂದವರಲ್ಲವೇ ಎಂದುಕೊಂಡೆವು. ಗಾದಿಯ ಮೇಲೆ ಕೂತರೇನೋ ನಿಜ, ಆದರೆ ತುದಿಯಲ್ಲಿ. ಲೋಡಿಗೆ ಯಾರೂ ಒರಗಲಿಲ್ಲ. ಅಷ್ಟರಲ್ಲಿ ಒಬ್ಬ ಎದ್ದು ಕೆಳಗೆ ಹೋಗಿ ಬಂದು, ಪಕ್ಕದವನ ಕಿವಿಯಲ್ಲಿ ಏನೋ ಊದಿದ. ಅವನೂ ಎದ್ದ. ಆಮೇಲೆ ಇನ್ನಿಬ್ಬರು. ಗಾದಿ ಖಾಲಿಯಾಗುತ್ತ ಬಂತು. ಅಕ್ಕಾವರು ಪ್ರಸಾದದ ತಟ್ಟೆ ಹಿಡಿದು ಎದ್ದವರ ಹಿಂದೆ ಬಾಗಿಲತನಕ ಬಂದರು. ಸಾಹುಕಾರರು ಮೆಲ್ಲಗೆ, "ಅಂಗಡಿ ಕೀಲಿ ಎಲ್ಲಿ ಅದಪಾ?" ಎಂದು ಮಗನನ್ನು ಕೇಳಿದರು.

ಅಕ್ಕಾವರು ತಟ್ಟೆ ನನ್ನ ಕೈಗಿಟ್ಟು ಬಾಗಿಲಲ್ಲಿದ್ದ ಮುದುಕನನ್ನು ತಡೆದು ಏನಾಯಿತೆಂದು ಮರಾಠಿಯಲ್ಲಿ ಕೇಳಿದರು. ಅವನು ನಾಚುತ್ತ ಹೇಳಿದ. ತೋರಣ ಇದ್ದಲ್ಲೇ ಹೊಸ್ತಿಲು. ಎಲ್ಲರೂ ರಂಗೋಲಿಯ ಹೊರಗೇ ಚಪ್ಪಲಿ ಬಿಟ್ಟು ಬಂದಿದ್ದರು. ಈಗ ನೋಡಿದರೆ ಒಂದೂ ಇಲ್ಲ... ಬಸ್ಸಿಗೆ ಬರಿಗಾಲಲ್ಲಿ ಹೋಗುವುದು ಹೇಗೆ?

ಅಕ್ಕಾವರು ಮಾವಿನೆಲೆ ತಂದ ಬುಟ್ಟಿ ಎತ್ತಿಕೊಂಡು ಇಳಿದರು, ಹಿಂದೆಯೇ ನಾನು. ಬೇರೆ ಆಫೀಸಿನವರು ಗೊಣಗಿದರೆಂದು ವಾಚ್‌ಮನ್ ಎಲ್ಲವನ್ನೂ ಮೆಟ್ಟಿಲ ಹಿಂದೆ ಗುಡ್ಡೆ ಹಾಕಿದ್ದ. ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ಅಕ್ಕಾವರು ಅವನ್ನು ಬುಟ್ಟಿಗೆ ತುಂಬಿದರು. ನಾನು ಕೈ ಚಾಚಿದರೂ ಬುಟ್ಟಿ ಕೊಡಲಿಲ್ಲ. ಕೆಳಗೆ ಹುಡುಕುತ್ತಿದ್ದವರನ್ನೂ ಕರೆದುಕೊಂಡು ಮೇಲೆ ಬಂದು, ಎಲ್ಲರ ಮುಂದೆ, ಒಂದೊಂದೇ ಜೋಡಿಯನ್ನು ಕಪಾಟಿನಲ್ಲಿಟ್ಟರು. "ತಾಯೀ, ಅಸಂ ನಕಾ ಕರೂ," ಹೀಗೆ ಮಾಡಬೇಡಿ ಎಂದು ಮುದುಕ ಕೈ ಮುಗಿದ.

"ಇದೇನ್ರಿ ಅಕ್ಕಾವ್ರ?" ಎಂದರು ಸಾಹುಕಾರರು.

"ಹೊಸ್ತಿಲಾ ಇಲ್ಲೇ ಅದ ರೀ. ತೋರಣಾ ಕೆಳಗ ಕಟ್ಟಿ ದಾರಿ ತಪ್ಪಿಸಿದಾಕಿ ನಾನು."

ಮುದುಕ ತನ್ನ ಚಪ್ಪಲಿ ಕಂಡು, ಹೋಗಿ ಲೋಡಿಗೆ ಒರಗಿದ. ಉಳಿದವರೂ ಒರಗಿದರು. ಸಾಹುಕಾರರು ಅವರ ನಡುವೆ ಕೂತು ಚಹಾಕ್ಕೆ ಹೇಳಿದರು. ನನ್ನ ಕಣ್ಣು ತುಂಬಿತ್ತು. ಅದನ್ನು ಪಾಲಿಶ್ ಘಾಟಿನ ಮೇಲೆ ಹಾಕಿದೆ.

ಆಫೀಸು ಗೆದ್ದಿತು, ಅಕ್ಕಾವರು ಗೆಲ್ಲಲಿಲ್ಲ. ಸಾಹುಕಾರರ ಮಗನಿಗೆ ಆ ಬುಟ್ಟಿಯದೇ ಅವಮಾನ. ಅವನ ಗೆಳೆಯರ ಬಳಗದಲ್ಲಿ "ಚಪ್ಪಲಿ ಹೊತ್ತ ಹೆಂಗಸು" ಎಂಬ ನಗೆಮಾತು ಹಬ್ಬಿತು, ಕೆಲಸ ಬರಲಿಲ್ಲ. ಕೊನೆಗೆ ಅಕ್ಕಾವರು ಮತ್ತೆ ಇನ್ನೊಬ್ಬರ ಆಫೀಸಿನಲ್ಲಿ ನಕ್ಷೆ ತಿದ್ದಲು ಕೂತರು. ಎಲ್ಲಾದರೂ ಸಿಕ್ಕರೆ ಅವರು ಕೇಳುತ್ತಿದ್ದುದು ಒಂದೇ: "ಆ ಗಾದಿ ಇನ್ನೂ ಅದ ಏನೋ?" ಸಾಹುಕಾರರು ಇರುವತನಕ ಇತ್ತು.

ಕಳೆದ ದೀಪಾವಳಿಗೆ ಮುಂಚೆ ಅಕ್ಕಾವರು ತೀರಿಕೊಂಡರು. ಅವರ ಮನೆಗೆ ಹೋದಾಗ ಮೆಟ್ಟಿಲ ತುಂಬ ಚಪ್ಪಲಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಒಳಗೆ ಹೋಗುವ ಧೈರ್ಯವಾಗದೆ, ಅವನ್ನು ಜೋಡಿ ಮಾಡುತ್ತ ಬಹಳ ಹೊತ್ತು ಹೊರಗೇ ಇದ್ದೆ...

"ಅಪ್ಪಾ, ಇದನ್ನ ಹೊರಗ ಇಡೂಣೇನು?" ಮಗಳು ಕಪಾಟು ತೋರಿಸಿ ಕೇಳಿದಳು.

"ಒಳಗ ಇಡವಾ. ಬಂದವ್ರು ಆರಾಮ ಕುಂದರ್ಲಿ," ಎಂದೆ.

ಪಾಲಿಶ್ ಇನ್ನೂ ಆರಿರಲಿಲ್ಲ. ಹತ್ತಿರ ಕೂತು ಗಾಳಿ ಬೀಸತೊಡಗಿದೆ. ಬೈಯಲು ಅಕ್ಕಾವರಿರಲಿಲ್ಲ.