ಹದಿನಾರರ ಮಗ್ಗಿಯಷ್ಟು ಹೊತ್ತು

ನಮ್ಮ ಮಾವನವರು ಹೈಸ್ಕೂಲಿನಲ್ಲಿ ಲೆಕ್ಕ, ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಶಂಕರಪುರದ ಬೀದಿಯಲ್ಲಿ ಅವರು ನಡೆದು ಹೋದರೆ ಜಗಲಿಯಲ್ಲಿ ಕೂತ ಗಂಡಸರು ಎದ್ದು ನಿಲ್ಲುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ಇವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಬೇರೆಯವರ ಮಕ್ಕಳಿಗೆ ಸಂಜೆ ಹೊತ್ತು ಪುಕ್ಕಟೆ ಪಾಠ ಹೇಳುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆಯನ್ನು ಇವರನ್ನು ನೋಡಿಯೇ ಕಟ್ಟಿರಬೇಕು. ಮನೆಯಲ್ಲಿ ಎಲ್ಲಕ್ಕೂ ಒಂದು ಮಿತಿ ಹಾಕಿಟ್ಟಿದ್ದರು. ಸ್ನಾನಕ್ಕೆ ಇಷ್ಟು ಚೊಂಬು ನೀರು, ಅನ್ನಕ್ಕೆ ಇಷ್ಟು ತುಪ್ಪ, ಸೊಸೆ ತವರಿಗೆ ಹೋದರೆ ಇಷ್ಟೇ ದಿನ. "ಮಿತಿ ಇಲ್ದೆ ಇರೋದು ಮನೆ ಅಲ್ಲ, ಛತ್ರ" ಅನ್ನುತ್ತಿದ್ದರು.

ನನ್ನನ್ನು ಕೊಟ್ಟದ್ದು ಅವರ ಕಿರಿಯ ಮಗನಿಗೆ. ನಮ್ಮನೆಯವರು ತೊದಲುತ್ತಿದ್ದರು. ಮದುವೆಗೆ ಮುಂಚೆ ಯಾರೂ ಅದನ್ನು ಹೇಳಲಿಲ್ಲ, ಹುಡುಗ ಮಿತಭಾಷಿ ಎಂದಿದ್ದರು. ಮಹಡಿಯ ಮೇಲೆ ನನ್ನ ಜೊತೆ ಕೂತು ಮಾತಾಡುವಾಗ ನಾಲಿಗೆ ಅಷ್ಟೇನೂ ಕಾಡುತ್ತಿರಲಿಲ್ಲ, ಒಂದೊಂದು ಸಲ ಹರಟೆ ಕೂಡ ಹೊಡೆಯುತ್ತಿದ್ದರು. ಅಪ್ಪನ ಕೆಮ್ಮು ಕೇಳಿದರೆ ಸಾಕು, ಬಾಯಿ ಕಟ್ಟಿಹೋಗುತ್ತಿತ್ತು. ಅದರಲ್ಲೂ 'ತ'ದಿಂದ ಶುರುವಾಗುವ ಮಾತು ಬಂದರೆ ಮುಗಿಯಿತು. ಇಂಟರ್‌ಮೀಡಿಯೆಟ್ಟಿನಲ್ಲಿ ನಪಾಸಾಗಿದ್ದರು. ಕೆಲಸಕ್ಕೆಂದು ಹೋದ ಕಡೆಯೆಲ್ಲ ತಮ್ಮ ಹೆಸರು ಹೇಳಿ ಮುಗಿಸುವ ಮೊದಲೇ ಸಾಹೇಬರು ಮುಂದಿನವನನ್ನು ಕರೆದಿದ್ದರು. ಹಾಗಾಗಿ ಅಪ್ಪನ ಮನೆಯ ಅನ್ನ, ಅಪ್ಪನ ಮಾತು, ಎರಡನ್ನೂ ನುಂಗಬೇಕಿತ್ತು.

ಆಗ ಯುದ್ಧದ ಕಾಲ. ಪೇಟೆಯಲ್ಲಿ ಮಾವನವರ ಹಳೆಯ ಶಿಷ್ಯನೊಬ್ಬ ಸೈನ್ಯಕ್ಕೆ ಹಿತ್ತಾಳೆ ಬಕಲ್ಲು, ಬಿಲ್ಲೆ ಮಾಡಿಸಿ ಕೊಡುವ ಕಂಟ್ರಾಕ್ಟು ಹಿಡಿದಿದ್ದ. ಕುಲುಮೆಯಿಂದ ಬರುವ ಬಕಲ್ಲು ಕರಿಹಿಡಿದಿರುತ್ತಿತ್ತು, ಅದನ್ನು ನೈಟ್ರಿಕ್ ಆಸಿಡ್ಡಿನಲ್ಲಿ ಅದ್ದಿ ತೆಗೆದರೆ ಹೊಸ ಬಂಗಾರದ ಹಾಗೆ ಹೊಳೆಯುತ್ತಿತ್ತು. ಆ ಅದ್ದುವ ಕೆಲಸವನ್ನು ಮಾವನವರು ಒಪ್ಪಿಕೊಂಡರು. ಹಿತ್ತಲಿನ ಸೌದೆ ಕೊಟ್ಟಿಗೆಯನ್ನು ಖಾಲಿ ಮಾಡಿಸಿ, ಉಪ್ಪಿನಕಾಯಿ ಹಾಕುವಂಥ ದೊಡ್ಡ ಪಿಂಗಾಣಿ ಜಾಡಿಗಳನ್ನು ಇಟ್ಟು, ಅದರಲ್ಲಿ ಆಸಿಡ್ ಹುಯ್ಯಿಸಿದರು. ಬಕಲ್ಲುಗಳನ್ನು ತಂತಿಗೆ ಪೋಣಿಸಿ ಸರ ಮಾಡಿ ಅದ್ದಬೇಕು. ಅದ್ದಿದ ಕೂಡಲೇ ಇಟ್ಟಿಗೆ ಬಣ್ಣದ ಹೊಗೆ ಎದ್ದು ಕೊಟ್ಟಿಗೆಯ ತುಂಬ ಕವಿಯುತ್ತಿತ್ತು.

ಹೊಗೆ ಕೆಟ್ಟದ್ದೆಂದು ಮಾವನವರಿಗೆ ಗೊತ್ತಿತ್ತು. ಅದನ್ನು ಹೇಳದೆ ಹೋದರೆ ಅವರಿಗೆ ಅನ್ಯಾಯ ಮಾಡಿದಂತೆ. ಗೊತ್ತಿದ್ದರಿಂದಲೇ ಮಿತಿ ಹಾಕಿದರು. ಮೊದಲ ದಿನ ಬಾಗಿಲು ಹಾರುಹೊಡೆದಿಟ್ಟು, ಉತ್ತರೀಯದ ಸೆರಗು ಮೂಗಿಗೆ ಹಿಡಿದು ತಾವೇ ಒಳಗೆ ನಿಂತರು. ಒಂದು ಸರ ಅದ್ದಿದರು. ಗಟ್ಟಿಯಾಗಿ ಹದಿನಾರರ ಮಗ್ಗಿ ಹೇಳಿದರು, ಒಂದೇ ಉಸಿರಿಗೆ, ರೈಲು ಸೇತುವೆ ದಾಟಿದಂತೆ. ಹೊರಗೆ ಬಂದು ಕಣ್ಣೊರೆಸಿಕೊಂಡು, "ಹಿತ್ತಾಳೆ ಹೊಳಪಾಯ್ತು, ನನಗೇನೂ ಆಗ್ಲಿಲ್ಲ. ಹದಿನಾರರ ಮಗ್ಗಿ ಹೇಳೋ ಹೊತ್ತು ಒಳಗಿರಬಹುದು. ಆಮೇಲೆ ಅಷ್ಟೇ ಹೊತ್ತು ಹೊರಗೆ" ಎಂದರು. ಗಡಿಯಾರ ಕೊಟ್ಟಿಗೆಗೆ ತಂದರೆ ತುಕ್ಕು ಹಿಡಿಯುತ್ತದಂತೆ. ಮಗ್ಗಿಗೆ ತುಕ್ಕಿಲ್ಲ.

ಇದರಲ್ಲಿ ಎರಡು ಮೋಸವಿತ್ತು. ಹಿತ್ತಾಳೆ ಹೊಳಪಾಗಲು ಬೇಕಾದ ಹೊತ್ತನ್ನೇ ಅವರು ಮನುಷ್ಯ ತಡೆಯುವ ಹೊತ್ತು ಎಂದು ಕರೆದಿದ್ದರು. ಇನ್ನೊಂದು, ಅಳೆದದ್ದು ಅವರ ನಾಲಿಗೆಯಲ್ಲಿ, ಒಳಗೆ ನಿಲ್ಲುವುದು ಅವರ ಮಗ. ಮಗ ಕದ್ದು ಬೇಗ ಹೊರಗೆ ಬಂದುಬಿಟ್ಟಾನೆಂದು ಮಗ್ಗಿಯನ್ನು ಹೊರಗೆ ಕೇಳುವಂತೆ ಕೂಗಿ ಹೇಳಬೇಕೆಂದು ಕಟ್ಟು ಮಾಡಿದರು. ತಾವು ಹಿತ್ತಲ ಕಲ್ಲಿನ ಮೇಲೆ ಕೂತು ಕೇಳುತ್ತಿದ್ದರು. ತಪ್ಪಿದರೆ, ತಡವರಿಸಿದರೆ, ಶಾಲೆಯಲ್ಲಿ ಹೇಗೋ ಹಾಗೆ, "ಮೊದಲಿಂದ" ಅನ್ನುತ್ತಿದ್ದರು. ಆ ಹೊತ್ತಿನಲ್ಲಿ ಅದು ವಿಷದ ಕೋಣೆ ಎಂಬುದು ಅವರಿಗೆ ಮರೆತೇಹೋಗುತ್ತಿತ್ತೋ ಏನೋ. ಮೇಷ್ಟರ ಕಿವಿಗೆ ತಪ್ಪು ಮಗ್ಗಿ ಬಿತ್ತು, ತಿದ್ದಿದರು, ಅಷ್ಟೆ.

"ಹದಿನಾರೊಂದ್ಲ ಹದಿನಾರು" ಎಂದು ಶುರುವಾಗುತ್ತಿತ್ತು. ಎಂಬತ್ತರವರೆಗೆ ಹೇಗೋ ತೆವಳಿಕೊಂಡು ಬರುತ್ತಿತ್ತು. "ಹದಿನಾರಾರ್ಲ ತ... ತ... ತ..." ಅಲ್ಲಿಗೆ ನಿಲ್ಲುತ್ತಿತ್ತು. ತೊಂಬತ್ತಾರು ಎಂಬ ಸಂಖ್ಯೆಯನ್ನು ನಾನು ಈಗಲೂ ದ್ವೇಷಿಸುತ್ತೇನೆ. ನಾಲಿಗೆ ನಿಂತರೂ ಕೈ ನಿಲ್ಲುವ ಹಾಗಿರಲಿಲ್ಲ, ಸರದ ಮೇಲೆ ಸರ ಅದ್ದುತ್ತಿರಬೇಕು. ಅವರು ತೊದಲಿದಷ್ಟೂ ಹೆಚ್ಚು ಬಕಲ್ಲು ಬೆಳಗುತ್ತಿದ್ದವು. ಪೇಟೆಯ ಶಿಷ್ಯ ಬಂದು, "ಮೇಷ್ಟ್ರೇ, ನಿಮ್ಮಲ್ಲಿ ಕೆಲಸ ಬಲು ಚುರುಕು" ಎಂದು ಹೊಗಳಿ ಹೋದ.

ಮಾವನವರ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಏನಿದ್ದರೂ ಅತ್ತೆಯ ಮೂಲಕ. ಎರಡರ ಮಗ್ಗಿ ಹೇಳಿಸಿದರೆ ಆಗದೇ, ಅದರಲ್ಲಿ 'ತ'ದಿಂದ ಶುರುವಾಗುವ ಮಾತಿಲ್ಲ ಎಂದು ಅತ್ತೆಯ ಹತ್ತಿರ ಕೇಳಿದೆ. ಅತ್ತೆ ನಕ್ಕುಬಿಟ್ಟರು. "ಎರಡರ ಮಗ್ಗಿ ಹೇಳೋಕೆ ಇವನೇನು ಅಕ್ಷರಾಭ್ಯಾಸದ ಕೂಸೇನೇ? ಬೀದಿಯವರು ಕೇಳಿಸಿಕೊಂಡ್ರೆ ಏನಂದಾರು?" ಹೆತ್ತ ತಾಯಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಮನೆಯಲ್ಲಿ ಬೆಕ್ಕುಗಳು ಎರಡಿದ್ದವು.

ನಾನೇ ಒಂದು ಉಪಾಯ ಮಾಡಿದೆ. ತೊದಲುವವರು ಹಾಡಿದರೆ ತೊದಲುವುದಿಲ್ಲ. ಮಹಡಿಯ ಮೇಲೆ ಕೂತು ಹದಿನಾರರ ಮಗ್ಗಿಯನ್ನು ಆರತಿ ಹಾಡಿನ ಧಾಟಿಯಲ್ಲಿ ಅವರಿಗೆ ಹೇಳಿಕೊಟ್ಟೆ. ತೊಂಬತ್ತಾರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಂತು. ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನನ್ನ ದಾಂಪತ್ಯದಲ್ಲಿ ಅಷ್ಟು ಸಂತೋಷದ ಸಂಜೆ ಇನ್ನೊಂದಿಲ್ಲ. ಮಾರನೆಯ ದಿನ ಕೊಟ್ಟಿಗೆಯಿಂದ ಹಾಡು ಕೇಳಿತು, ಬೇಗ ಮುಗಿಯಿತು, ಅವರು ಬೇಗ ಹೊರಗೆ ಬಂದರು. ಕೆಲವು ದಿನ ಹಾಗೆಯೇ ನಡೆಯಿತು. ಆಮೇಲೆ ಮಾವನವರು ಕಲ್ಲಿನಿಂದ ಎದ್ದರು. "ಮಗ್ಗಿ ಹಾಡೋದು ಯಾವ ಶಾಲೇಲಪ್ಪಾ? ನೀನೇನು ನಾಟಕದ ಕಂಪನಿ ಸೇರ್ತಿದೀಯಾ? ನೆಟ್ಟಗೆ ಹೇಳು."

ಈಗ ದೊಡ್ಡ ಕಾರ್ಖಾನೆಗಳಲ್ಲಿ ಗಾಳಿಯಲ್ಲಿ ಇಂಥ ವಿಷ ಇಷ್ಟಿದ್ದರೆ ಇಷ್ಟು ನಿಮಿಷ ಎಂದು ಮಿತಿ ಹಾಕುತ್ತಾರಂತೆ. ನನ್ನ ಅಣ್ಣನ ಮಗ ಹೇಳಿದ. ಹಾಕಲಿ, ಒಳ್ಳೆಯದೇ. ಒಳಗೆ ಯಾರನ್ನು ನಿಲ್ಲಿಸಿ ಅಳೆದರಪ್ಪಾ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

ಪಕ್ಕದ ಮನೆಯವರು ಬಂದು, ಒಣಹಾಕಿದ ಮಡಿಬಟ್ಟೆಯೆಲ್ಲ ಹಳದಿಯಾಗುತ್ತಿದೆ, ಮಲ್ಲಿಗೆ ಬಳ್ಳಿ ಸುಟ್ಟುಹೋಯಿತು ಎಂದು ದೂರಿದರು. ಮಾವನವರು ಮರ್ಯಾದಸ್ತರು. ನೆರೆಯವರಿಗೆ ತೊಂದರೆಯಾಗಬಾರದೆಂದು ಕೊಟ್ಟಿಗೆಯ ಕಿಟಕಿಗೆ ಹಲಗೆ ಹೊಡೆಸಿದರು. ಬಾಗಿಲು ಗಾಳಿಗೆ ತೆರೆದುಕೊಳ್ಳುತ್ತದೆಂದು ಹೊರಗಿನಿಂದ ಚಿಲಕ ಹಾಕಿಸಿದರು. ಮಗ್ಗಿ ಮುಗಿದರೆ ಚಿಲಕ ತೆಗೆಯುವುದು. ಮಲ್ಲಿಗೆ ಬಳ್ಳಿ ಮತ್ತೆ ಚಿಗುರಿತು.

ಅಂಥ ಒಂದು ಬೆಳಿಗ್ಗೆ. ನಾನು ಹೊರಗಾಗಿದ್ದೆ. ಆ ಮೂರು ದಿನ ನನಗೆ ಹಿತ್ತಲ ಜಗಲಿಯೇ ಗತಿ, ಕೊಟ್ಟಿಗೆ ಎದುರಿಗೇ ಇತ್ತು. ಹೆಚ್ಚಿನ ಮಾಲು ಬಂದಿತ್ತು. ಅವರು ಒಳಗೆ ಹೋದರು, ಚಿಲಕ ಬಿತ್ತು. ಎಂಬತ್ತರವರೆಗೆ ಬಂದರು, ನಿಂತರು. "ಮೊದಲಿಂದ." ಮತ್ತೆ ಬಂದರು, ಮತ್ತೆ ಅಲ್ಲೇ ನಿಂತರು, ನಡುವೆ ಕೆಮ್ಮು. "ಕೆಮ್ಮಿದ್ರೆ ಲೆಕ್ಕ ತಪ್ಪುತ್ತೆ. ಮೊದಲಿಂದ." ಮೂರನೆಯ ಸಲ ತ ಎನ್ನುವ ಸದ್ದೂ ಬರಲಿಲ್ಲ. ನಾನು ಎದ್ದು ಹೋಗಿ ಚಿಲಕ ತೆಗೆದೆ. ಹೊಗೆ ನನ್ನ ಮುಖಕ್ಕೇ ಹೊಡೆಯಿತು. ಅವರ ಕೈ ಹಿಡಿದು ಎಳೆದುಕೊಂಡು ಬಂದೆ.

ಮಾವನವರು ಕೂಗಾಡಲಿಲ್ಲ, ಅವರಿಗೆ ಕೂಗಾಡುವ ಅಗತ್ಯವೇ ಬೀಳುತ್ತಿರಲಿಲ್ಲ. "ಹೊರಗಾದೋಳು ಮುಟ್ಟಿದಾಳೆ. ಸ್ನಾನ ಮಾಡಿ ಒಳಗೆ ಬಾ" ಎಂದು ಮಗನಿಗೆ ಹೇಳಿ ಎದ್ದು ಹೋದರು. ನಮ್ಮನೆಯವರು ಕೆಮ್ಮುತ್ತಲೇ ಬಾವಿಯಿಂದ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡರು. ಆಮೇಲೆ ಕೆಮ್ಮು ನಿಂತಿತು. ಊಟ ಮಾಡಿದರು, ಮಜ್ಜಿಗೆ ಕುಡಿದರು. ಕೈತೊಳೆಯಲು ಬಂದವರು ದೂರದಿಂದಲೇ ನನಗೆ, "ಇವತ್ತು ನಿ... ನಿಮ್ಮ ಮಾವ ಗೆದ್ರು ಕಣೇ" ಎಂದು ನಕ್ಕರು. ಮಾವನವರು ಅತ್ತೆಗೆ, ನನಗೆ ಕೇಳಿಸುವಂತೆ ಹೇಳಿದರು: "ನೋಡಿದ್ಯಾ? ಏನಾಗಿದೆ ಅವನಿಗೆ? ಕಲ್ಲುಗುಂಡಿನ ಹಾಗಿದಾನೆ."

ಆ ಹೊಗೆಯ ಗುಣವೇ ಅದು. ಒಳಗೆ ಹೋದದ್ದು ಕೂಡಲೇ ಏನೂ ಮಾಡುವುದಿಲ್ಲ, ಉಂಡು ನಗುವಷ್ಟು ಬಿಡುವು ಕೊಟ್ಟು ಆಮೇಲೆ ಎದ್ದೇಳುತ್ತದೆ. ದೀಪ ಹಚ್ಚುವ ಹೊತ್ತಿಗೆ ಅವರಿಗೆ ಮಲಗಲು ಆಗಲಿಲ್ಲ, ಕೂರಲೂ ಆಗಲಿಲ್ಲ. ಉಗುರು ನೀಲಿಯಾಯಿತು. ಎದೆಯೊಳಗೆ ಎಸರು ಕುದಿಯುವ ಸದ್ದು ನನಗೆ ಜಗಲಿಯವರೆಗೂ ಕೇಳುತ್ತಿತ್ತು. ಒಳಗೆ ಹೆಜ್ಜೆ ಇಡಬಾರದೆಂದು ಅತ್ತೆ ನಡುಬಾಗಿಲಿಗೆ ಅಡ್ಡ ನಿಂತಿದ್ದರು.

ಚಾಮರಾಜಪೇಟೆಯಿಂದ ಡಾಕ್ಟರು ಬಂದರು. ಅವರೂ ಮಾವನವರ ಶಿಷ್ಯರೇ. ಕೂರಿ ಎಂದು ಹೇಳುವವರೆಗೂ ಕೂರಲಿಲ್ಲ. ಎದೆ ನೋಡಿ, "ಆಸಿಡ್ ಹೊಗೇಲಿ ಎಷ್ಟು ಹೊತ್ತು ಇದ್ರು?" ಎಂದು ಕೇಳಿದರು.

"ಹದಿನಾರರ ಮಗ್ಗಿಯಷ್ಟು ಹೊತ್ತು" ಎಂದರು ಮಾವನವರು. ಡಾಕ್ಟರಿಗೆ ಅರ್ಥವಾಗಲಿಲ್ಲವೆಂದು, ಕಿಟಕಿಯ ಕಂಬಿ ಹಿಡಿದು ಉಸಿರಿಗೆ ಒದ್ದಾಡುತ್ತಿರುವ ಮಗನ ಪಕ್ಕದಲ್ಲಿ ನಿಂತು ಇಡೀ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸಿದರು. ಡಾಕ್ಟರು ಗಡಿಯಾರ ನೋಡಿಕೊಂಡರು. "ಅಷ್ಟಕ್ಕೆಲ್ಲ ಹೀಗಾಗಲ್ಲ ಮೇಷ್ಟ್ರೇ. ಹಳೇ ಉಬ್ಬಸ ಇರಬೇಕು. ಶಾಖ ಕೊಡಿ, ಬೆಳಿಗ್ಗೆ ಬರ್ತೀನಿ" ಎಂದು ಚೀಲ ಮುಚ್ಚಿದರು.

ನಾನು ಅತ್ತೆಯನ್ನು ತಳ್ಳಿಕೊಂಡು ಒಳಗೆ ಹೋದೆ. "ಡಾಕ್ಟ್ರೇ, ಮಾವನವರು ಹೇಳಿದ ಹಾಗಲ್ಲ, ನಮ್ಮನೆಯವರು ಹೇಳೋ ಹಾಗೆ ಕೇಳಿ" ಎಂದು ಶುರುಮಾಡಿದೆ. ಅವರ ಹಾಗೆಯೇ ತಡೆತಡೆದು, ಎಳೆದೆಳೆದು ಹೇಳಿದೆ. ಅವರ ಒಂದೊಂದು ತಡೆಯೂ ನನಗೆ ಬಾಯಿಪಾಠವಾಗಿತ್ತು. ಯಾರೋ ನನ್ನನ್ನು ಸುಮ್ಮನಿರಿಸಲು ನೋಡಿದರು, ಡಾಕ್ಟರು ಕೈ ಎತ್ತಿ ತಡೆದರು. ಅವರ ಕಣ್ಣು ಗಡಿಯಾರದ ಮೇಲಿತ್ತು. "ಹದಿನಾರಾರ್ಲ ತ... ತ... ತ..." ಎಂದು ನಿಂತೆ.

"ಮೊದಲಿಂದ" ಎಂದರು ಮಾವನವರು.

ಬೇಕೆಂದು ಅಂದದ್ದಲ್ಲ. ರೂಢಿಬಿದ್ದ ನಾಲಿಗೆ ತಾನೇ ಉತ್ತರ ಕೊಟ್ಟಿತು. ಡಾಕ್ಟರು ತಲೆ ಎತ್ತಿ ತಮ್ಮ ಮೇಷ್ಟರ ಮುಖ ನೋಡಿದರು. ಆ ಒಂದು ಮಾತಿಗೆ ಅವರೂ ಎಷ್ಟು ಸಲ ಬೆಂಚಿನ ಮೇಲೆ ನಿಂತಿದ್ದರೋ. "ಹೀಗೆ ಎಷ್ಟು ಸಲ ಹೇಳಿಸಿದ್ರಿ ಮೇಷ್ಟ್ರೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾರು ತರಲು ಓಡಿದರು.

ದೊಡ್ಡಾಸ್ಪತ್ರೆ ಹತ್ತಿರವೇ. ಕಾರು ಕೋಟೆ ದಾಟುವ ಮೊದಲೇ ನಮ್ಮನೆಯವರ ತಲೆ ನನ್ನ ಭುಜದ ಮೇಲೆ ಒರಗಿತು. ಎದೆಯ ಸದ್ದು ನಿಂತಿತು.

ಮಾತನಾಡಿಸಲು ಬೀದಿಯವರೆಲ್ಲ ಬಂದರು. ಮಾವನವರು ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳಿದರು. ನಾನು ಕತ್ತಲೆ ಕೋಣೆಯಲ್ಲಿ ಕೂತು ಅಷ್ಟೂ ಸಲ ಕೇಳಿದೆ. "ಮಿತಿ ಸರಿಯಾಗೇ ಇತ್ತು. ನಾನೇ ಒಳಗೆ ನಿಂತು ಹಾಕಿದ್ದು. ಇವನ ನಾಲಿಗೇನೇ ಸರಿ ಇರಲಿಲ್ಲ." ಬಂದವರು, ಹೌದು ಮೇಷ್ಟ್ರೇ, ಪಾಪ, ಚಿಕ್ಕಂದಿನಿಂದಲೂ ಹಾಗೇ ಅಲ್ವೇ ಎಂದು ತಲೆಯಾಡಿಸಿ, ನಿಂತೇ ಇದ್ದು, ಅವರು ಹೊರಡಿ ಎಂದ ಮೇಲೆ ಹೊರಟರು.